ಪಾಸ್‌ಪೋರ್ಟ್ ರಶೀದಿಯ ಸಣ್ಣ ಸಾಲು

ಕುವೈತಿನಲ್ಲಿರುವ ನಮ್ಮ ಊರಿನವರಲ್ಲಿ ಅರಬ್ಬಿ ಮಾತಾಡಲು ಬರುವವರು ಬಹಳ ಮಂದಿ ಇದ್ದಾರೆ. ಅರಬ್ಬಿ ಓದಲು ಬರುವವರು ಎಷ್ಟು ಮಂದಿ? ಹತ್ತು ಜನ ಸೇರಿದ ಕಡೆ ಕೇಳಿ ನೋಡಿ. ಒಬ್ಬರು ಸಿಕ್ಕಿದರೆ ಹೆಚ್ಚು. ಆದರೆ ಅರಬ್ಬಿ ಕಾಗದಕ್ಕೆ ಸಹಿ ಹಾಕದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ಒಬ್ಬರೂ ಸಿಗಲಿಕ್ಕಿಲ್ಲ.

ನಾನೂ ಒಂದು ಕಾಲದಲ್ಲಿ ಹಾಕಿದವಳೇ. ಸರ್ಕಾರಿ ಆಫೀಸುಗಳಿಗೆ ಕಂಪನಿಯ ಕಾಗದಪತ್ರ ತೆಗೆದುಕೊಂಡು ಓಡಾಡುವವನನ್ನು ಇಲ್ಲಿ ಮಂದೂಬ್ ಎನ್ನುತ್ತಾರೆ. ಅವನಿಗೆ ಯಾವಾಗಲೂ ಅವಸರ. ಕಾರಿನ ಇಂಜಿನ್ ನಿಲ್ಲಿಸುವುದಿಲ್ಲ. ಬಾನೆಟಿನ ಮೇಲೆ ಕಾಗದ ಇಟ್ಟು, ಗಾಳಿಗೆ ಹಾರದ ಹಾಗೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ತೋರಿಸುತ್ತಾನೆ. ಇಲ್ಲಿ ಹಾಕು, ಇಲ್ಲಿ ಹಾಕು, ಮತ್ತೆ ಇಲ್ಲಿ. ಯಲ್ಲಾ, ಯಲ್ಲಾ. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಅದರ ರಿನೀವಲ್ ಕಾಗದ ಇರಬೇಕು ಅಂದುಕೊಂಡು ನಾವು ಹಾಕುತ್ತೇವೆ. ಹಾಕಿ ಅವನಿಗೇ ಥ್ಯಾಂಕ್ಸ್ ಹೇಳಿ ಬರುತ್ತೇವೆ.

ಈ ಅಭ್ಯಾಸದಿಂದ ಮೈದಾನ್ ಹವಲ್ಲಿಯ ನಮ್ಮ ಬಿಲ್ಡಿಂಗಿನ ಒಂದು ಮನೆಗೆ ಏನಾಯಿತು, ಆ ಮನೆಯವರು ಹೇಗೆ ಹೊರಗೆ ಬಂದರು ಎಂದು ಹೇಳುತ್ತೇನೆ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಅವಸರದಲ್ಲಿ ಆದದ್ದನ್ನು ಅವಸರದಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ನಮ್ಮ ಎದುರು ಮನೆಯಲ್ಲಿ ಸುಕೇಶ್ ಮತ್ತು ಚಂಪಾ ಇದ್ದಾರೆ. ಮೂಲ್ಕಿ ಕಡೆಯವರು, ತುಳು ಮಾತಿನವರು. ಸುಕೇಶ್ ಏರ್ ಕಂಡೀಶನರ್ ರಿಪೇರಿಯ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅದು ಶುಕ್ರವಾರ, ರಜೆಯ ದಿನ. ನಾನು ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಮುಗಿಸಿ ಮೆಟ್ಟಿಲು ಹತ್ತಿ ಬಂದೆ. ಶುಕ್ರವಾರ ಆ ಮನೆಯಿಂದ ಮೀನು ಹುರಿಯುವ ವಾಸನೆ, ಟಿವಿಯ ಗಲಾಟೆ ಎರಡೂ ಬರಬೇಕು. ಅವತ್ತು ಎರಡೂ ಇಲ್ಲ. ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಚಂಪಾಳ ಅಣ್ಣ ಪುರಂದರನ ಶೂ ಇತ್ತು. ಅವನು ಸಾಲ್ಮಿಯಾದ ಒಂದು ಹೋಟೆಲಿನಲ್ಲಿ ಕ್ಯಾಪ್ಟನ್. ಶುಕ್ರವಾರ ಮಧ್ಯಾಹ್ನ ಹೋಟೆಲ್ ಬಿಟ್ಟು ಅವನು ಎಲ್ಲಿಗೂ ಹೋಗುವವನಲ್ಲ.

ಚಂಪಾ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಇಸ್ತ್ರಿ ಮಾಡಿದ ಒಂದು ಅಂಗಿ.

“ಎಂತ ಚಂಪಾ, ಸುಕೇಶನಿಗೆ ಇನ್ನೂ ಅಬು ಹಲೀಫಾದ ಡ್ಯೂಟಿ ಮುಗೀಲಿಲ್ವಾ?” ಎಂದು ಕೇಳಿದೆ. ನಾಲ್ಕು ದಿನದಿಂದ ಅವಳು ಎಲ್ಲರಿಗೂ ಹಾಗೆ ಹೇಳುತ್ತಿದ್ದಳು.

ಅವಳು ಅಣ್ಣನ ಮುಖ ನೋಡಿದಳು. ಅವನು ಬೇಡ ಎಂದು ತಲೆ ಆಡಿಸಿದ. ಆದರೆ ಅವಳಿಂದ ಇನ್ನು ತಡೆಯಲು ಆಗಲಿಲ್ಲ.

“ಡ್ಯೂಟಿಯೂ ಇಲ್ಲ, ಎಂತದೂ ಇಲ್ಲ ಬಾಯಮ್ಮ. ಅವರು ಮಖ್ಫರಿನಲ್ಲಿ ಇದ್ದಾರೆ.”

ಮಖ್ಫರ್ ಅಂದರೆ ಪೊಲೀಸ್ ಠಾಣೆ. ನಾನು ಅವಳ ಪಕ್ಕ ಕೂತೆ. ಅವಳು ಅಳುವಷ್ಟು ಅತ್ತು, ಆಮೇಲೆ ಹೇಳಿದಳು.

ಸ್ಟೋರಿನಲ್ಲಿದ್ದ ಆರು ಹೊಸ ಕಂಪ್ರೆಸರ್‌ಗಳು ಕಾಣೆಯಾಗಿವೆ. ಕಂಪನಿ ದೂರು ಕೊಟ್ಟಿದೆ. ಸುಕೇಶ್ ತಂಗಿಯ ಮದುವೆಗೆಂದು ಒಂದು ತಿಂಗಳು ಊರಿಗೆ ಹೋಗಿ ಬಂದಿದ್ದ. ಹೋಗುವಾಗ ಬೀಗದ ಕೈಯನ್ನು ಬೇರೆಯವನಿಗೆ ಕೊಟ್ಟಿದ್ದ. ಹಿಂದೆ ಬಂದ ವಾರವೇ ಮಂದೂಬ್ ಬಂದು, ಬಾನೆಟಿನ ಮೇಲೆ ಐದಾರು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಅವುಗಳ ನಡುವೆ ಒಂದು ಕಾಗದದಲ್ಲಿ, ‘ಸ್ಟೋರಿನ ಸಾಮಾನು ಎಲ್ಲವನ್ನೂ ಎಣಿಸಿ ನೋಡಿ ನನ್ನ ವಶಕ್ಕೆ ತೆಗೆದುಕೊಂಡಿದ್ದೇನೆ’ ಎಂದು ಅರಬ್ಬಿಯಲ್ಲಿ ಇತ್ತು. ಈಗ ಕಂಪನಿ ಅದನ್ನೇ ಹಿಡಿದು ತೋರಿಸುತ್ತಿದೆ.

“ಎಣಿಸಲೂ ಇಲ್ಲ, ನೋಡಲೂ ಇಲ್ಲ ಬಾಯಮ್ಮ. ಇಕಾಮಾದ ಕಾಗದ ಅಂತ ಸೈನ್ ಹಾಕಿದ್ದು” ಎಂದಳು ಚಂಪಾ.

“ಠಾಣೆಯಲ್ಲಿ ಅವನು ಎಂತ ಹೇಳಿದ? ಅನುವಾದ ಮಾಡ್ಲಿಕ್ಕೆ ಯಾರಾದ್ರೂ ಇದ್ರಾ?”

ಪುರಂದರ ಹಣೆ ಉಜ್ಜಿಕೊಂಡ. “ಅರಬ್ಬಿ ಬರ್ತದಾ ಅಂತ ಕೇಳಿದ್ರಂತೆ. ಇವನು ದೊಡ್ಡ ಜನ ಅಲ್ವಾ, ‘ಶ್ವೈ ಶ್ವೈ’ ಅಂದಿದ್ದಾನೆ.”

ಶ್ವೈ ಶ್ವೈ ಅಂದರೆ ಸ್ವಲ್ಪ ಸ್ವಲ್ಪ. ಟೊಮೆಟೊಗೆ ಎಷ್ಟು, ಟ್ಯಾಕ್ಸಿ ಎಡಕ್ಕೆ ತಿರುಗಿಸು, ಇವತ್ತು ಬಹಳ ಸೆಕೆ. ನಮ್ಮೆಲ್ಲರ ಅರಬ್ಬಿ ಅಷ್ಟೇ. ಅಷ್ಟು ಅರಬ್ಬಿಯಿಂದ ಒಬ್ಬ ಮನುಷ್ಯ ಕೇಸಿನಲ್ಲಿ ತನ್ನ ಪರವಾಗಿ ಮಾತಾಡಲು ಆಗುತ್ತದೆಯೇ?

“ಈಗ ಅದೆಲ್ಲ ಯಾಕೆ” ಎಂದ ಪುರಂದರ. “ಕಂಪನಿಯ ಮನುಷ್ಯ ನಿನ್ನೆ ಫೋನ್ ಮಾಡಿದ್ದಾನೆ. ನಾಳೆ ಹನ್ನೆರಡು ಗಂಟೆಗೆ ಒಂದು ಪೇಪರ್ ತರ್ತಾನಂತೆ. ಸುಕೇಶ್ ಒಂದು ಸೈನ್ ಹಾಕಿದ್ರೆ ಕೇಸ್ ವಾಪಸ್, ಟಿಕೆಟ್ ಮಾಡಿ ಊರಿಗೆ ಕಳಿಸ್ತಾರೆ. ಖಲಾಸ್. ಮರ್ಯಾದೆಯಲ್ಲಿ ಹೋಗ್ಲಿ. ಇಲ್ಲಿ ಇದ್ದು ಎಂತ ಉದ್ಧಾರ ಆಗ್ಲಿಕ್ಕುಂಟು?”

“ಚಂಪಾ, ನೀನು ಎಂತ ಹೇಳಿದ್ದಿ ಅವನಿಗೆ?”

“ನಿನ್ನೆ ನೋಡ್ಲಿಕ್ಕೆ ಬಿಟ್ಟಿದ್ರು. ಸೈನ್ ಹಾಕಿ ಬಿಡಿ, ಊರಿಗೆ ಹೋಗುವ ಅಂತ ನಾನೇ ಹೇಳಿ ಬಂದೆ ಬಾಯಮ್ಮ. ಅವರು ಒಪ್ಪಿದ್ರು. ಮಾತೇ ಆಡ್ಲಿಲ್ಲ. ತಲೆ ಮಾತ್ರ ಆಡಿಸಿದ್ರು.”

“ಆ ಪೇಪರಿನಲ್ಲಿ ಎಂತ ಬರೆದುಂಟು?”

“ಊರಿಗೆ ಕಳಿಸ್ತೇವೆ ಅಂತ” ಎಂದ ಪುರಂದರ.

“ನೀನು ಓದಿದ್ಯಾ?”

“ನಾನು ಹೇಗೆ ಓದುವುದು? ಅರಬ್ಬಿ. ಫೋಟೋ ಕಳಿಸಿದ್ದಾನೆ. ಅವನೇ ಹೇಳಿದ್ದು ಹಾಗಂತ.”

“ಮತ್ತೆ ಒಂದ್ಸಲ ಓದದೆ ಸೈನಾ ಪುರಂದರ? ಮೊದಲನೇ ಸೈನಿಗೆ ಅವನು ಒಳಗೆ ಹೋದ. ಎರಡನೇ ಸೈನಿಗೆ ಎಲ್ಲಿಗೆ ಹೋಗ್ತಾನೆ ಅಂತ ನಿನಗೆ ಗೊತ್ತುಂಟಾ? ನಾನು ನನ್ನ ಹೆಸರು ಬರೆಯಲಿಕ್ಕೆ ಕಲಿತದ್ದು ನಲವತ್ತಾರನೇ ವರ್ಷಕ್ಕೆ, ಕೆಲಸ ಮುಗಿಸಿ ಬಂದು ಕ್ಲಾಸಿಗೆ ಹೋಗಿ. ಅದಕ್ಕೇ ನಾನು ನನ್ನ ಹೆಸರನ್ನು ಸಿಕ್ಕಸಿಕ್ಕಲ್ಲಿ ಹಾಕುವುದಿಲ್ಲ. ನೀವು ಓದಿದವರು ನೀರು ಚೆಲ್ಲಿದ ಹಾಗೆ ಹಾಕ್ತೀರಿ.”

ನಾನು ಐದನೇ ಮಹಡಿಯ ಆಯಿಶತ್ ಶಮೀಮಾಳಿಗೆ ಫೋನ್ ಮಾಡಿದೆ. ಉಳ್ಳಾಲದವಳು. ನಮ್ಮ ಬಿಲ್ಡಿಂಗಿನ ಕೆಳಗೇ ಟೈಪಿಂಗ್ ಸೆಂಟರಿನಲ್ಲಿ ಹನ್ನೆರಡು ವರ್ಷದಿಂದ ಅರಬ್ಬಿ ಅರ್ಜಿಗಳನ್ನು ಟೈಪ್ ಮಾಡುತ್ತಾಳೆ.

“ಬಿರಿಯಾನಿ ದಮ್ಮಿಗೆ ಇಟ್ಟಿದ್ದೇನೆ ಬಾಯಮ್ಮ, ಹತ್ತು ನಿಮಿಷ ಮಾತ್ರ” ಎಂದು ಬಂದವಳು, ಪುರಂದರನ ಮೊಬೈಲಿನ ಫೋಟೋವನ್ನು ದೊಡ್ಡದು ಮಾಡಿ ಓದಿದಳು. ಮತ್ತೊಮ್ಮೆ ಮೊದಲಿನಿಂದ ಓದಿದಳು. ಆಮೇಲೆ ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟಳು.

“ಇದರಲ್ಲಿ ಊರಿನ ವಿಷಯ ಇಲ್ಲ ಪುರಂದರಣ್ಣ.”

“ಮತ್ತೆ?”

“‘ಆರು ಕಂಪ್ರೆಸರ್ ನಾನೇ ತೆಗೆದದ್ದು. ನಾನೇ ಹೊರಗೆ ಮಾರಿದ್ದು. ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ತೇನೆ.’ ಇಷ್ಟೇ ಇರುವುದು. ಟಿಕೆಟ್ ಅಂತ ಇಲ್ಲ. ಕೇಸ್ ವಾಪಸ್ ಅಂತ ಇಲ್ಲ.”

ಚಂಪಾಳ ಕೈಯಲ್ಲಿದ್ದ ಅಂಗಿ ಜಾರಿ ಕೆಳಗೆ ಬಿತ್ತು. “ಅಯ್ಯೋ ದೇವರೇ, ನಾನು ಹಾಕಿ ಅಂತ ಹೇಳಿ ಬಂದೆನಲ್ಲ!”

“ಇನ್ನೂ ಹಾಕಲಿಲ್ಲ ಅಲ್ವಾ? ಇವತ್ತು ಒಂದು ದಿನ ಉಂಟು” ಎಂದಳು ಶಮೀಮಾ. “ಮೊದಲು ಎಂಬಸಿಗೆ ತಿಳಿಸುವ.”

ಪುರಂದರ ಒಮ್ಮೆಲೇ ಎದ್ದು ನಿಂತ. “ಎಂಬಸಿಯಾ? ಎಂಬಸಿ ಅಂದ್ರೆ ಪಾಸ್‌ಪೋರ್ಟಿಗೆ, ಮತ್ತೆ ಆಗಸ್ಟ್ ಹದಿನೈದಕ್ಕೆ ಬಾವುಟ ನೋಡ್ಲಿಕ್ಕೆ. ಕೇಸಿಗೆ ಅವರು ಎಂತ ಮಾಡ್ತಾರೆ? ಅಲ್ಲಿ ಹೇಳಿದ್ರೆ ಪಾಸ್‌ಪೋರ್ಟೇ ಬ್ಲಾಕ್ ಆಗ್ತದಂತೆ.”

“ಯಾರು ಹೇಳಿದ್ದು?”

“ಕಂಪನಿಯ ಮನುಷ್ಯ.”

“ಅವನು ಹೇಳದೆ ಮತ್ತೆ ಯಾರು ಹೇಳ್ತಾರೆ ಅಣ್ಣ!” ಶಮೀಮಾಳಿಗೆ ಸಿಟ್ಟಿನಲ್ಲೂ ನಗು ಬಂತು. “ಕಷ್ಟ ಹೇಳ್ಕೊಂಡದ್ದಕ್ಕೆ ಯಾರ ಪಾಸ್‌ಪೋರ್ಟೂ ಬ್ಲಾಕ್ ಆಗುವುದಿಲ್ಲ. ಬೇರೆ ದೇಶದಲ್ಲಿ ನಮ್ಮವರು ಪೊಲೀಸರ ಕೈಯಲ್ಲಿದ್ದರೆ, ಅವರನ್ನು ಕಂಡು ಮಾತಾಡುವುದು ಎಂಬಸಿಯ ಕೆಲಸವೇ. ವಕೀಲರ ಸಹಾಯಕ್ಕೂ ಅರ್ಜಿ ಹಾಕಬಹುದು. ಅಂಥ ಅರ್ಜಿ ನಾನೇ ಎಷ್ಟೋ ಟೈಪ್ ಮಾಡಿದ್ದೇನೆ. ಕೈಯಲ್ಲಿ ಇಲ್ಲದವರಿಗೆ, ವಿಚಾರಿಸಿ ನೋಡಿ, ವಕೀಲರ ಖರ್ಚನ್ನೂ ಕೊಡ್ತಾರೆ.”

“ಪುಕ್ಕಟೆ ವಕೀಲ!” ಪುರಂದರ ಕೈ ಬೀಸಿದ. “ಹೋಟೆಲಿನಲ್ಲಿ ಪುಕ್ಕಟೆ ಕೊಡುವುದು ಉಪ್ಪಿನಕಾಯಿ ಮಾತ್ರ. ಅದೂ ತಳದ್ದು. ಮತ್ತೆ ನಾವು ಕೈ ಚಾಚುವ ಜನ ಅಲ್ಲ. ನಮ್ಮ ಮನೆಯಲ್ಲಿ ಯಾರೂ ಸರ್ಕಾರದ ಧರ್ಮಕ್ಕೆ ಹೋಗಿ ನಿಂತದ್ದಿಲ್ಲ.”

ಅವನು ಕೆಟ್ಟವನಲ್ಲ. ತಂಗಿಯ ಗಂಡ ಒಳಗಿದ್ದಾನೆ ಎಂಬ ನಾಚಿಕೆಯೇ ಅವನ ಬಾಯಿಂದ ಹಾಗೆ ಮಾತಾಡಿಸುತ್ತಿತ್ತು. ಅದು ನನಗೂ ಗೊತ್ತಿತ್ತು. ಆದ್ದರಿಂದ ನಾನು ಮೆಲ್ಲಗೆ ಕೇಳಿದೆ.

“ಪುರಂದರ, ಆ ಉಪ್ಪಿನಕಾಯಿಯ ದುಡ್ಡು ನಿಮ್ಮ ಯಜಮಾನ ಕೈಯಿಂದ ಹಾಕ್ತಾನಾ?”

“ಹಾಂ, ಕೈಯಿಂದ ಹಾಕ್ತಾನೆ ಆ ಪಿಟ್ಟಾಸು ಜಿಪುಣ! ಊಟದ ಬಿಲ್ಲಿನಲ್ಲೇ ಸೇರಿರ್ತದೆ.”

“ಹಾಗಾದ್ರೆ ಅದು ಗಿರಾಕಿಯದ್ದೇ.”

“ಗಿರಾಕಿಯದ್ದೇ.”

ಶಮೀಮಾ ಆ ಮಾತನ್ನು ತಕ್ಷಣ ಹಿಡಿದಳು. “ನೀವು ಈ ವರ್ಷ ಪಾಸ್‌ಪೋರ್ಟ್ ರಿನೀವಲ್ ಮಾಡಿದ್ದಲ್ವಾ ಅಣ್ಣ? ಫಾರ್ಮ್ ನಾನೇ ತುಂಬಿಸಿದ್ದು. ರಶೀದಿ ಉಂಟಾ?”

ಪುರಂದರ ಕಾಗದ ಬಿಸಾಡುವವನಲ್ಲ. ಅವನ ಹೆಗಲ ಚೀಲದಲ್ಲಿ ಪ್ಲಾಸ್ಟಿಕ್ಕಿನ ಒಂದು ಫೈಲ್ ಸದಾ ಇರುತ್ತದೆ. ರಶೀದಿ ತೆಗೆದ. ಶಮೀಮಾ ಅದರ ಕೆಳಗಿನ ಒಂದು ಸಣ್ಣ ಸಾಲಿನ ಮೇಲೆ ಬೆರಳಿಟ್ಟಳು.

“ಇದನ್ನು ಓದಿ.”

ಅವನು ಕಣ್ಣು ಕಿರಿದು ಮಾಡಿ ಇಂಗ್ಲಿಷಿನಲ್ಲಿ ಓದಿದ. ಕನ್ನಡದಲ್ಲಿ ಹೇಳುವುದಾದರೆ, ಭಾರತೀಯ ಸಮುದಾಯ ಕಲ್ಯಾಣ ನಿಧಿ. ಎದುರಿಗೆ ಒಂದು ಚಿಕ್ಕ ಮೊತ್ತ.

“ಇದು ಎಂತದ್ದು? ನಾನು ನೋಡಲೇ ಇಲ್ಲ.”

“ಯಾರೂ ನೋಡುವುದಿಲ್ಲ” ಎಂದಳು ಶಮೀಮಾ. “ಪಾಸ್‌ಪೋರ್ಟಿರಲಿ, ಬೇರೆ ಕಾಗದದ ಅಟೆಸ್ಟೇಶನ್ ಇರಲಿ, ಎಂಬಸಿಯ ಕೆಲಸಕ್ಕೆ ದುಡ್ಡು ಕಟ್ಟುವಾಗ ಅದರಲ್ಲಿ ಸ್ವಲ್ಪ ಈ ನಿಧಿಗೆ ಹೋಗ್ತದೆ. ನೀವು ಕಟ್ಟಿದ್ದೀರಿ, ಬಾಯಮ್ಮ ಕಟ್ಟಿದ್ದಾರೆ, ಸುಕೇಶಣ್ಣನೂ ಕಟ್ಟಿದ್ದಾರೆ. ಅಬ್ಬಾಸಿಯಾದ ನರ್ಸು, ಜಹರಾದ ಕುರಿ ಕಾಯುವವನು, ಎಲ್ಲರೂ. ಕೆಲಸದ ಮನೆಯಿಂದ ಹೊರಗೆ ಬಂದ ಹೆಂಗಸಿಗೆ ಉಳ್ಕೊಳ್ಳಲಿಕ್ಕೆ ಜಾಗ, ದಿಕ್ಕಿಲ್ಲದವನಿಗೆ ಊರಿನ ಟಿಕೆಟ್, ಸತ್ತವರ ಹೆಣ ಊರಿಗೆ ಕಳಿಸುವುದು, ಕೇಸಿನಲ್ಲಿ ಸಿಕ್ಕಿಬಿದ್ದ ಬಡವನಿಗೆ ವಕೀಲ. ಇದಕ್ಕೆಲ್ಲ ಆ ನಿಧಿ. ಇದು ಧರ್ಮ ಅಲ್ಲ ಅಣ್ಣ. ನೀವೇ ಹಾಕಿ ಇಟ್ಟದ್ದು.”

ಪುರಂದರ ರಶೀದಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. “ಹಾಗಾದ್ರೆ ಕೇಳಿದ ಕೂಡಲೇ ಕೊಡ್ತಾರಾ?” ಎಂದ. ಧ್ವನಿ ಇಳಿದಿತ್ತು.

“ಇಲ್ಲ. ಅದನ್ನೂ ಹೇಳಿಬಿಡ್ತೇನೆ. ಎಲ್ಲರಿಗೂ ಕೊಡ್ಲಿಕ್ಕೆ ಆಗುವುದಿಲ್ಲ. ಸಂಬಳ ಎಷ್ಟು, ಕೇಸ್ ಎಂತದ್ದು, ಕಾಗದ ಸರಿ ಉಂಟಾ ಅಂತ ನೋಡ್ತಾರೆ. ಹೆಚ್ಚು ಕಷ್ಟದಲ್ಲಿರುವವರಿಗೆ ಮೊದಲು. ಆದರೆ ಕೇಳದಿದ್ರೆ ಅವರಿಗೆ ಗೊತ್ತಾಗುವುದು ಹೇಗೆ?”

“ಇವತ್ತು ಶುಕ್ರವಾರ” ಎಂದಳು ಚಂಪಾ. “ಎಂಬಸಿಗೆ ರಜೆ. ನಾಳೆ ಹನ್ನೆರಡಕ್ಕೆ ಅವನು ಪೇಪರ್ ತರ್ತಾನೆ.”

“ಸಹಾಯವಾಣಿ ಉಂಟು ಚಂಪಾ. ತುರ್ತಿಗೆ ರಜೆಯಲ್ಲೂ ಎತ್ತುತ್ತಾರೆ.” ಶಮೀಮಾ ಎಂಬಸಿಯ ವೆಬ್‌ಸೈಟ್ ತೆರೆದು ನಂಬರ್ ಹುಡುಕಿದಳು. ಮೊದಲ ಸಲ ಯಾರೂ ಎತ್ತಲಿಲ್ಲ. ಪುರಂದರ ನನ್ನ ಮುಖ ನೋಡಿದ, ನಾನು ಹೇಳಲಿಲ್ವಾ ಎನ್ನುವ ಹಾಗೆ. ಎರಡನೇ ಸಲ ಎತ್ತಿದರು. ಹೆಸರು, ಸಿವಿಲ್ ಐಡಿ ನಂಬರ್, ಯಾವ ಠಾಣೆ, ಯಾವ ದಿನ ಹಿಡಿದದ್ದು ಎಲ್ಲ ಬರೆದುಕೊಂಡರು. ಭಾನುವಾರ ಬೆಳಿಗ್ಗೆ ಕಾಗದಪತ್ರಗಳ ಜೊತೆ ಬರಲು ಹೇಳಿದರು. ಅರ್ಥವಾಗದ ಯಾವುದಕ್ಕೂ ಸಹಿ ಹಾಕುವುದು ಬೇಡ, ಅನುವಾದಕ ಬೇಕು ಎಂದು ಅವನೇ ಬಾಯಿಬಿಟ್ಟು ಕೇಳಲಿ ಎಂದೂ ಹೇಳಿದರು.

“ಭಾಷೆ ಬಾರದವನಿಗೆ ಅನುವಾದಕ ಕೊಡಬೇಕು ಅಂತ ಈ ದೇಶದ ಕಾನೂನಿನಲ್ಲೇ ಉಂಟು” ಎಂದಳು ಶಮೀಮಾ. “ಆದರೆ ಬರ್ತದೆ ಅಂತ ನಾವೇ ಜಂಬ ಕೊಚ್ಚಿದ್ರೆ ಯಾರು ಕೊಡ್ತಾರೆ? ಶ್ವೈ ಶ್ವೈ ಅಂತೆ!” ಒಂದು ಚೀಟಿ ತೆಗೆದು, ಮೂರು ಅರಬ್ಬಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಳು: ಅನಾ ಅಬೀ ಮುತರ್ಜಿಮ್. ನನಗೆ ಅನುವಾದಕ ಬೇಕು.

ಅಷ್ಟರಲ್ಲಿ ಐದನೇ ಮಹಡಿಯಿಂದ ಅವಳ ಗಂಡ ಕೂಗಿದರು. ಬಿರಿಯಾನಿ ತಳ ಹಿಡಿದಿತ್ತು.

ಮಾರನೇ ದಿನ ಹತ್ತು ಗಂಟೆಗೆ ಚಂಪಾಳ ಜೊತೆ ನಾನೂ ಠಾಣೆಗೆ ಹೋದೆ. ಕುರ್ಚಿಯಲ್ಲಿದ್ದ ಪೊಲೀಸಿನವನಿಗೆ ನನ್ನ ಮೊಮ್ಮಗನ ವಯಸ್ಸು. ನನ್ನ ಬಿಳಿ ಕೂದಲು ನೋಡಿ ಕೂರಲು ಹೇಳಿ, ನೀರಿನ ಬಾಟಲಿ ಕೊಟ್ಟ. ಸುಕೇಶನನ್ನು ಕೌಂಟರಿನ ಆಚೆ ತಂದು ನಿಲ್ಲಿಸಿದರು. ಗಡ್ಡ ಬಂದಿತ್ತು. ಐದು ದಿನದಲ್ಲಿ ಕೆನ್ನೆ ಇಳಿದಿತ್ತು.

ಚಂಪಾ ತುಳುವಿನಲ್ಲಿ, “ಸೈನ್ ಪಾಡೊಡ್ಚಿ” ಎಂದಳು. ಸಹಿ ಹಾಕಬೇಡಿ.

ಅವನು ಕೌಂಟರಿಗೆ ಎರಡೂ ಕೈ ಊರಿದ. “ಮೊನ್ನೆ ಹಾಕಿ ಅಂದಿ. ಇವತ್ತು ಬೇಡ ಅಂತಿ. ನನ್ನಿಂದ ಆಗುವುದಿಲ್ಲ ಚಂಪಾ. ಒಮ್ಮೆ ಹಾಕಿ ಮುಗಿಸಿಬಿಡ್ತೇನೆ.”

“ಮೊನ್ನೆ ಮಾತಾಡಿದ್ದು ನನ್ನ ಹೆದರಿಕೆ. ಇವತ್ತು ಮಾತಾಡುವುದು ನಾನು. ಶಮೀಮಕ್ಕ ಓದಿದ್ರು. ಅದರಲ್ಲಿ ನೀವೇ ಕದ್ದದ್ದು ಅಂತ ಬರೆದುಂಟು.”

ಸುಕೇಶ್ ಬಹಳ ಸಣ್ಣ ಧ್ವನಿಯಲ್ಲಿ ಕೇಳಿದ. “ನಾನು ಕದೀಲಿಲ್ಲ ಅಂತ ನೀನು ನಂಬ್ತೀಯಾ?”

ಅವಳು ಚೀಲದಿಂದ ಆ ಅಂಗಿಯನ್ನು ತೆಗೆದು ಕೌಂಟರಿನ ಮೇಲಿಟ್ಟಳು. “ನಂಬದಿದ್ರೆ ಇಸ್ತ್ರಿ ಮಾಡಿ ತರ್ತಿದ್ನಾ? ಮಡಿಕೆಯೂ ಕೆಡಲಿಲ್ಲ, ನೋಡಿ.”

ಅವನ ಕಣ್ಣು ತುಂಬಿತು. ಚೀಟಿ ಓದಿ ಹೇಳಬೇಕಾಗಿದ್ದ ಚಂಪಾ ಕಣ್ಣೊರೆಸುತ್ತಾ ಅದನ್ನು ನನ್ನ ಕೈಗೆ ಕೊಟ್ಟಳು. ನಾನು ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಓದಿದೆ. ಅನಾ. ಅಬೀ. ಮುತರ್ಜಿಮ್. ಅವನು ಮಗ್ಗಿ ಹೇಳುವ ಹುಡುಗನ ಹಾಗೆ ಮೂರು ಸಲ ಹೇಳಿದ. ನೀರು ಕೊಟ್ಟ ಪೊಲೀಸಿನವನು ಅದನ್ನು ಕೇಳಿ ತಲೆ ಎತ್ತಿ ನೋಡಿದ. ಏನೋ ಬರೆದುಕೊಂಡ.

ಹನ್ನೆರಡು ಗಂಟೆಗೆ ಕಂಪನಿಯ ಮನುಷ್ಯ ಪೇಪರ್ ಮತ್ತು ಪೆನ್ನು ಎರಡನ್ನೂ ತಂದ. ಯಲ್ಲಾ ಎಂದ. ಸುಕೇಶ್ ಪೆನ್ನು ಮುಟ್ಟಲಿಲ್ಲ. ಕಲಿತ ಮೂರೇ ಮಾತು ಹೇಳಿದ. ಆಮೇಲೆ ಅವನೇ ನಮಗೆ ಹೇಳಿದ್ದು: “ಬಾಯಮ್ಮ, ಇಷ್ಟು ವರ್ಷ ಕುವೈತಿನಲ್ಲಿ ಇದ್ದು ನಾನು ಅಷ್ಟು ಸರಿಯಾಗಿ ಅರಬ್ಬಿ ಮಾತಾಡಿದ್ದೇ ಇಲ್ಲ.”

ಭಾನುವಾರ ಪುರಂದರ ಅರ್ಧ ದಿನ ರಜೆ ಹಾಕಿ ನಮ್ಮ ಜೊತೆ ಎಂಬಸಿಗೆ ಬಂದ. ಶಮೀಮಾ ಅರ್ಜಿ ಟೈಪ್ ಮಾಡಿ ಕೊಟ್ಟಿದ್ದಳು. ಕಿಟಕಿಯ ಆಚೆ ಕೂತಿದ್ದ ಅಧಿಕಾರಿ ಸುತ್ತಿ ಬಳಸಿ ಮಾತಾಡಲಿಲ್ಲ.

“ಅಮ್ಮ, ಒಂದು ವಿಷಯ ಮೊದಲೇ ಹೇಳ್ತೇನೆ. ನಿಮ್ಮ ಗಂಡನನ್ನು ಬಿಡಿಸಿ ತರುವ ಅಧಿಕಾರ ನಮಗಿಲ್ಲ. ತಪ್ಪು ಮಾಡಿದ್ದಾರೋ ಇಲ್ಲವೋ ಅಂತ ತೀರ್ಮಾನ ಮಾಡುವುದು ಇಲ್ಲಿನ ಕೋರ್ಟು. ನಾವು ಅವರನ್ನು ಹೋಗಿ ನೋಡ್ತೇವೆ. ಅವರ ಮಾತು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ದಾಖಲಾಗುವ ಹಾಗೆ ಕೇಳ್ತೇವೆ. ವಕೀಲರ ಸಹಾಯಕ್ಕೆ ನಿಮ್ಮ ಅರ್ಜಿ ನೋಡ್ತೇವೆ. ಅಷ್ಟು ಮಾಡಬಹುದು.”

“ಅಷ್ಟು ಮಾಡಿದ್ರೆ ಸಾಕು ಸರ್” ಎಂದಳು ಚಂಪಾ.

“ರಜೆಗೆ ಹೋಗುವಾಗ ಸ್ಟೋರನ್ನು ಬೇರೆಯವರಿಗೆ ಒಪ್ಪಿಸಿದ್ದಕ್ಕೆ ಏನಾದರೂ ಉಂಟಾ? ಕಾಗದ, ಮೆಸೇಜ್?”

ಚಂಪಾ ಇಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಪುರಂದರ, “ಆ ಫೋಟೋ ಚಂಪಾ!” ಎಂದ. “ಮದುವೆ ಮನೆಯಲ್ಲಿ ನೀನು ಎಲ್ಲರಿಗೂ ತೋರಿಸಿ ನಗಾಡಿದ್ದಲ್ವಾ? ನೋಡಿ ನಮ್ಮವರು, ಕೀ ಕೊಡುವಾಗಲೂ ಮದುಮಗನ ಹಾಗೆ ನಿಂತಿದ್ದಾರೆ ಅಂತ!”

ಚಂಪಾ ಮದುವೆ ಕೆಲಸಕ್ಕೆಂದು ಒಂದು ವಾರ ಮೊದಲೇ ಊರಿಗೆ ಹೋಗಿದ್ದಳು. ಸುಕೇಶ್ ಹೊರಡುವ ದಿನ ಬೀಗದ ಕೈ ಕೊಡುತ್ತಾ ಒಂದು ಫೋಟೋ ತೆಗೆಸಿ, ‘ಕೀ ಹೋಯ್ತು, ಇನ್ನು ಬರುವುದು ನಾನೇ’ ಎಂದು ಅವಳಿಗೆ ಕಳಿಸಿದ್ದ. ಅವಳು ಮೊಬೈಲಿನಲ್ಲಿ ಹಿಂದೆ ಹಿಂದೆ ಹೋಗಿ ಹುಡುಕಿ ತೆಗೆದಳು. ಫೋಟೋದಲ್ಲಿ ಸುಕೇಶ್ ನಗುತ್ತಾ ಇನ್ನೊಬ್ಬನ ಕೈಗೆ ಬೀಗದ ಕೈ ಕೊಡುತ್ತಿದ್ದ. ಹಿಂದೆ ಪಟ್ಟಿಯೂ ಬಿಚ್ಚದ ಆರು ಕಂಪ್ರೆಸರ್ ಪೆಟ್ಟಿಗೆಗಳು. ದಿನಾಂಕ, ಗಂಟೆ ಎಲ್ಲ ಇತ್ತು.

ಅಧಿಕಾರಿ ಪೆಟ್ಟಿಗೆಗಳನ್ನು ಬೆರಳಿನಲ್ಲಿ ಎಣಿಸಿದರು. “ಇದನ್ನು ಅಳಿಸಬೇಡಿ” ಎಂದರು ಅಷ್ಟೇ.

ಆಮೇಲಿನದ್ದು ಒಂದು ದಿನದ ಕೆಲಸವಲ್ಲ. ಎಂಬಸಿಯವರು ಸುಕೇಶನನ್ನು ಹೋಗಿ ನೋಡಿದರು. ಮುಂದಿನ ವಿಚಾರಣೆಗೆ ಫಾರಿಸ್ ಎಂಬ ಅನುವಾದಕ ಬಂದ. ಅವನಿಗೆ ತುಳು ಬಾರದು, ಕನ್ನಡವೂ ಬಾರದು. ಆದರೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಸುಕೇಶನಿಗೆ ಅಷ್ಟು ಸಾಕಾಯಿತು. ಇಂಜಿನ್ ಚಾಲೂ ಇದ್ದ ಕಾರು, ಬಾನೆಟ್ಟು, ಐದಾರು ಕಾಗದ, ಎಲ್ಲವನ್ನೂ ಮೊದಲ ಸಲ ಪೂರ್ತಿ ಹೇಳಿದ. ಸಂಬಳದ ಕಾಗದ, ಮನೆ ಬಾಡಿಗೆ ಎಲ್ಲ ನೋಡಿದ ಮೇಲೆ, ವಕೀಲರ ಖರ್ಚಿಗೆ ಆ ನಿಧಿಯಿಂದ ಒಪ್ಪಿಗೆ ಬಂತು. ವಕೀಲರು ಫೋಟೋವನ್ನೂ ಪಾಸ್‌ಪೋರ್ಟಿನ ಮುದ್ರೆಗಳನ್ನೂ ಮುಂದಿಟ್ಟರು. ದೇಶ ಬಿಡಬಾರದು ಎಂಬ ಶರತ್ತಿನ ಮೇಲೆ ಹದಿನೆಂಟನೇ ದಿನಕ್ಕೆ ಸುಕೇಶ್ ಮನೆಗೆ ಬಂದ. ಸಾಮಾನು ಹೋದದ್ದು ಅವನು ಊರಿನಲ್ಲಿದ್ದಾಗಲೇ ಎಂದು ತೀರ್ಮಾನವಾಗಿ ಅವನ ಮೇಲಿನ ಕೇಸು ಮುಚ್ಚಲು ಇನ್ನೂ ಮೂರು ತಿಂಗಳು ಹಿಡಿಯಿತು.

ಕಂಪ್ರೆಸರ್ ತೆಗೆದವರು ಯಾರು? ನಮಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಹುಡುಕುವುದು ಪೊಲೀಸರ ಕೆಲಸ. ನಮ್ಮ ಸುಕೇಶ್ ಅಲ್ಲ ಎಂದು ಗೊತ್ತಾದದ್ದು ನಮಗೆ ಸಾಕು. ಒಂದು ವೇಳೆ ಅವನೇ ತಪ್ಪು ಮಾಡಿದ್ದರೆ? ಪುರಂದರ ಒಮ್ಮೆ ನನ್ನನ್ನು ಹಾಗೆ ಕೇಳಿದ. ಮಾಡಿದ್ದರೂ, ಏನು ಮಾಡಿದೆ ಎಂದು ತನಗೆ ತಿಳಿದ ಮಾತಿನಲ್ಲಿ ಹೇಳುವ ಅವಕಾಶ ಮನುಷ್ಯನಿಗೆ ಬೇಕಲ್ಲ? ಓದದ ಕಾಗದ ಅವನ ಪರವಾಗಿ ಮಾತಾಡಬಾರದು. ನಾನು ಅವನಿಗೆ ಹೇಳಿದ್ದು ಅಷ್ಟೇ.

ಈಗ ಸುಕೇಶ್ ಅಬು ಹಲೀಫಾದಲ್ಲಿ ಬೇರೆ ಕಂಪನಿಯಲ್ಲಿದ್ದಾನೆ. ಮೊನ್ನೆ ಅಲ್ಲಿಯೂ ಮಂದೂಬ್ ಬಂದನಂತೆ. ಇಂಜಿನ್ ಚಾಲೂ. ಬಾನೆಟಿನ ಮೇಲೆ ಕಾಗದ. ಯಲ್ಲಾ, ಯಲ್ಲಾ. ಸಾಲಿನಲ್ಲಿ ಸುಕೇಶನೇ ಮೊದಲು.

ಅವನು ಪೆನ್ನನ್ನು ಕಿಸೆಗೆ ಹಾಕಿದ. ಒಂದೊಂದೇ ಕಾಗದದ ಫೋಟೋ ತೆಗೆದು ಶಮೀಮಾಳಿಗೆ ಕಳಿಸಿದ. ಮಂದೂಬ್ ಸಿಟ್ಟಿನಿಂದ ಹಾರ್ನ್ ಹೊಡೆದ.

“ಹತ್ತು ನಿಮಿಷ ಭಾಯಿ” ಎಂದ ಸುಕೇಶ್. “ನನಗೆ ಅರಬ್ಬಿ ಬರುವುದಿಲ್ಲ.”

ಹಿಂದೆ ನಿಂತಿದ್ದ ನಾಲ್ವರು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಅವರೂ ಮೊಬೈಲ್ ತೆಗೆದರು. ಆರನೇ ನಿಮಿಷಕ್ಕೆ ಮಂದೂಬ್ ಕಾರಿನ ಇಂಜಿನ್ ನಿಲ್ಲಿಸಿದನಂತೆ. ಕಾಗದಗಳು ಸರಿಯಾಗಿಯೇ ಇದ್ದವು, ಬರಿಯ ಇಕಾಮಾದ್ದು. ಎಲ್ಲರೂ ಸಹಿ ಹಾಕಿದರು. ಕೆಲಸಕ್ಕೆ ತಡವೂ ಆಗಲಿಲ್ಲ.

ಪುರಂದರನ ಬಗ್ಗೆಯೂ ಹೇಳಬೇಕು. ಅವನ ಹೋಟೆಲಿನಲ್ಲಿ ಯಾರಾದರೂ ಪಾಸ್‌ಪೋರ್ಟ್ ಮಾಡಿಸಿ ಬಂದರೆ ಈಗ ಅವನೇ ರಶೀದಿ ಕೇಳಿ ತೆಗೆದುಕೊಂಡು, ಸಣ್ಣ ಸಾಲಿನ ಮೇಲೆ ಬೆರಳಿಟ್ಟು ಓದಿಸುತ್ತಾನೆ. “ಇದು ಎಂತ ಗೊತ್ತುಂಟಾ? ಇದು ನಮ್ಮ ಉಪ್ಪಿನಕಾಯಿ” ಎನ್ನುತ್ತಾನೆ. ಕೇಳಿದವರಿಗೆ ಏನೂ ಅರ್ಥವಾಗುವುದಿಲ್ಲ. ಅವನು ಕೂರಿಸಿ, ಟೀ ಕೊಟ್ಟು, ಸುಕೇಶನ ಕಥೆ ಮೊದಲಿನಿಂದ ಹೇಳುತ್ತಾನೆ. ಆದದ್ದನ್ನು ಮುಚ್ಚಿಡಬೇಕು ಎಂದು ತಲೆ ಆಡಿಸಿದವನು ಅವನೇ ಅಲ್ಲವೇ?

ಈ ಕಾಗದ ಓದುತ್ತಿರುವ ತಮ್ಮ, ತಂಗಿ, ಓದಿಸಿ ಕೇಳುತ್ತಿರುವ ಅಮ್ಮ, ನಿಮ್ಮ ಮನೆಯಲ್ಲಿರುವ ಪಾಸ್‌ಪೋರ್ಟ್ ರಶೀದಿಯನ್ನು ಇವತ್ತೇ ತೆಗೆದು ನೋಡಿ. ಆ ಸಾಲು ಹುಡುಕಿ. ಎಂಬಸಿಯ ಸಹಾಯವಾಣಿಯ ನಂಬರನ್ನು ಎಂಬಸಿಯ ವೆಬ್‌ಸೈಟಿನಿಂದಲೇ ತೆಗೆದು, ಅದೇ ರಶೀದಿಯ ಹಿಂದೆ ಬರೆದಿಡಿ. ಯಾರೋ ಫಾರ್ವರ್ಡ್ ಮಾಡಿದ ನಂಬರ್ ನಂಬಬೇಡಿ. ರಜೆಗೆ ಹೋಗುವಾಗ ಯಾರಿಗೆ ಏನು ಒಪ್ಪಿಸಿದಿರಿ ಎಂಬುದಕ್ಕೆ ಒಂದು ಫೋಟೋ ಇರಲಿ. ಯಾವುದೇ ಕಾಗದವಿರಲಿ, ಯಾರೇ ಕೊಟ್ಟಿರಲಿ, ಓದಿಸಿ ತಿಳಿದುಕೊಂಡ ಮೇಲೆ ಮಾತ್ರ ನಿಮ್ಮ ಹೆಸರು ಬರೆಯಿರಿ. ಠಾಣೆಯಲ್ಲಿ ಅರಬ್ಬಿ ಬರುತ್ತದೆಯೇ ಎಂದು ಕೇಳಿದರೆ ಜಂಬ ಬೇಡ. ಆ ಮೂರು ಮಾತು ನೆನಪಿರಲಿ.

ಮತ್ತೆ, ಎದುರು ಮನೆಯ ಬಾಗಿಲು ರಜೆಯ ದಿನ ಸುಮ್ಮನಿದ್ದರೆ, ಒಮ್ಮೆ ತಟ್ಟಿ ಕೇಳಿ. ಒಳಗೆ ಯಾರೋ ಇಸ್ತ್ರಿ ಮಾಡಿದ ಅಂಗಿ ಹಿಡಿದುಕೊಂಡು, ಯಾರಿಗೆ ಹೇಳಲಿ ಎಂದು ಕೂತಿರಬಹುದು.